ನಡಾವಳಿಯಲ್ಲಿ ಇಲ್ಲದ ಗಿಡಗಳು

ಸ್ಮರಣ ಸಂಚಿಕೆಗೆ ತೋಟದ ಬಳಗದ 25 ವರ್ಷದ ಕಥೆ ಬರೆದುಕೊಡಿ ಎಂದು ನಮ್ಮ ಕಾರ್ಯದರ್ಶಿ ಮೂರು ನಡಾವಳಿ ಪುಸ್ತಕಗಳನ್ನು ಬಟ್ಟೆಚೀಲದಲ್ಲಿ ತಂದು ಜಗಲಿಯ ಮೇಲಿಟ್ಟು ಹೋದರು. ಮೊದಲನೆಯದು ಕೆಂಪು ರಟ್ಟಿನ ಉದ್ದನೆಯ ಲೆಕ್ಕದ ಪುಸ್ತಕ. ಕೆಳಗಿನ ಮೂಲೆಯನ್ನು ಗೆದ್ದಲು ತಿಂದಿದೆ. ಗಿಡ ಸಾಕುವವರ ಪುಸ್ತಕಕ್ಕೇ ಗೆದ್ದಲು ಹತ್ತಿದ ಮೇಲೆ ಬೇವಿನ ಹಿಂಡಿಯ ಮೇಲೆ ನಾವು ಏರ್ಪಡಿಸಿದ ಉಪನ್ಯಾಸಗಳಿಂದ ಬಂದ ಭಾಗ್ಯ ಏನೋ!

ಮೂರನ್ನೂ ಕೂತು ಓದಿದೆ. ಪ್ರಾರ್ಥನೆ, ಸ್ವಾಗತ, ಉಪನ್ಯಾಸ, ವಂದನಾರ್ಪಣೆ, ಲಘು ಉಪಾಹಾರ. ಯಾವ ತಿಂಗಳು ಖಾರಾಬಾತ್, ಯಾವ ತಿಂಗಳು ಬರೀ ಕೋಡುಬಳೆ ಅನ್ನುವುದು ಖರ್ಚಿನ ಸಮೇತ ಇದೆ. ಮುಖ್ಯ ಅತಿಥಿಗಳ ಹೆಸರಿನ ಮುಂದೆ ಅವರ ಪದವಿಗಳೆಲ್ಲ ಇವೆ. ಯಾರು ಯಾರಿಗೆ ಯಾವ ಕಡ್ಡಿ ಕೊಟ್ಟರು ಅನ್ನುವುದು ಮಾತ್ರ ಎಲ್ಲೂ ಇಲ್ಲ. ನನ್ನ ಮಟ್ಟಿಗೆ ತೋಟದ ಬಳಗಕ್ಕೆ ಇತಿಹಾಸ ಅಂತಿದ್ದರೆ ಅದೊಂದೇ. ಆದ್ದರಿಂದ ಪುಸ್ತಕ ಕಟ್ಟಿಟ್ಟು, ಒಂದು ವಾರ ಬೆಳಗ್ಗೆ ಹೊತ್ತು ನಮ್ಮ ಅಡ್ಡರಸ್ತೆಗಳನ್ನು ಸುತ್ತಿ, ಒಂದೊಂದು ಗೇಟಿನ ಮುಂದೆಯೂ ನಿಂತು, "ಇದು ನಿಮಗೆ ಎಲ್ಲಿಂದ ಬಂತು?" ಎಂದು ಕೇಳಿಕೊಂಡು ಬಂದೆ.

ಬಳಗ ಹುಟ್ಟಿದ ಕಥೆ ನಡಾವಳಿಯಲ್ಲಿ ಒಂದೇ ಸಾಲು: "ಸಮಾನಾಸಕ್ತರು ಸೇರಿ ಸ್ಥಾಪಿಸಲಾಯಿತು." ನಿಜವಾಗಿ ಅದು ಹುಟ್ಟಿದ್ದು ಹೂವಿನ ಕಳ್ಳತನದಿಂದ. ಮೂಲೆಮನೆ ಅಜ್ಜಿಯ ಕಾಂಪೌಂಡಿನಿಂದ ಕಾಕಡ ಬಳ್ಳಿ ಹೊರಗೆ ಇಳಿಬಿದ್ದಿತ್ತು. ವಾಕಿಂಗ್ ಹೋಗುವವರು ಒಂದು ಪ್ಲಾಸ್ಟಿಕ್ ಕವರ್ ಮಡಚಿ ಜೇಬಿನಲ್ಲಿಟ್ಟುಕೊಂಡೇ ಮನೆ ಬಿಡುವುದು ನಮ್ಮ ಬೆಂಗಳೂರಿನ ಹಳೆಯ ಪದ್ಧತಿ. ದೇವರಿಗೆ ಅಂತ ಕಿತ್ತರೆ ಕಳ್ಳತನವಲ್ಲ ಅನ್ನುವುದು ಅವರ ಶಾಸ್ತ್ರ. ಒಂದು ಬೆಳಗ್ಗೆ ಐದೂವರೆಗೆ ಅಜ್ಜಿ ಕತ್ತಲಲ್ಲೇ ಬಾಗಿಲು ತೆಗೆದು ನಿಂತಿದ್ದರು. ಸಿಕ್ಕಿಬಿದ್ದವರು ಬ್ಯಾಂಕಿನಿಂದ ನಿವೃತ್ತರಾದ ರಾಯರು. ಬೈಗುಳ ಬರುತ್ತದೆ ಎಂದು ರಾಯರು ಕವರ್ ಹಿಂದಕ್ಕೆ ಹಿಡಿದುಕೊಂಡರಂತೆ. ಅಜ್ಜಿ ಬೈಯಲಿಲ್ಲ. "ದಿನಾ ಬಂದು ಕೀಳೋ ಕಷ್ಟ ಯಾಕೆ ರಾಯರೇ, ಒಂದು ಕಡ್ಡಿ ತಗೊಂಡು ಹೋಗಿ. ನಿಮ್ಮನೇಲೇ ಬಿಡುತ್ತೆ" ಅಂದರು. ಬೈದಿದ್ದರೇ ಚೆನ್ನಾಗಿತ್ತು ಎಂದು ರಾಯರು ಕೊನೆಯವರೆಗೂ ಹೇಳುತ್ತಿದ್ದರು. ಮುಂದಿನ ಭಾನುವಾರ ಕಡ್ಡಿ ಬೇರು ಬಿಟ್ಟಿದೆಯೋ ಇಲ್ಲವೋ ಕೇಳಲು ಅಜ್ಜಿಯೇ ಅವರ ಮನೆಗೆ ಹೋದರು, ಜೊತೆಗೆ ಇನ್ನಿಬ್ಬರು. ಅದು ಮೊದಲ ಸಭೆ. ಉಪಾಹಾರ ಇರಲಿಲ್ಲ, ಕಾಫಿ ಮಾತ್ರ.

ನಮ್ಮ ಜಯನಗರ 1948ರಲ್ಲಿ ಶುರುವಾದ ಬಡಾವಣೆ. ಆಗಿನ ನಿವೇಶನಗಳಲ್ಲಿ ಮನೆ ಕಟ್ಟಿದ ಮೇಲೂ ಮುಂದೆ ಒಂದಿಷ್ಟು, ಹಿಂದೆ ಒಂದಿಷ್ಟು ಮಣ್ಣು ಉಳಿಯುತ್ತಿತ್ತು. ಮುಂದೆ ದಾಸವಾಳ, ಮಲ್ಲಿಗೆ, ಕನಕಾಂಬರ. ಹಿಂದೆ ತೆಂಗು, ಕರಿಬೇವು, ಬಟ್ಟೆ ಒಗೆಯುವ ಕಲ್ಲಿನ ನೀರು ಹೋಗುವ ಕಡೆ ಬಾಳೆ. ಕೈತೋಟ ಎಂದು ಯಾರೂ ಅದಕ್ಕೆ ಹೆಸರಿಟ್ಟಿರಲಿಲ್ಲ. ಹಿತ್ತಲು ಅಂದರೆ ಹಿತ್ತಲು. ನಾವು ಬಳಗ ಮಾಡಿಕೊಳ್ಳುವ ಹೊತ್ತಿಗೆ ಆ ಹಿತ್ತಲುಗಳಲ್ಲಿ ಅರ್ಧ ಆಗಲೇ ಕಾರ್ ಷೆಡ್ ಆಗಿದ್ದವು.

ಮೊದಲ ಪ್ರವಾಸ ಅಂದರೆ ನಡೆದುಕೊಂಡು ಹೋದ ಲಾಲ್‌ಬಾಗ್. ಪಕ್ಕದಲ್ಲೇ ಇರುವುದಕ್ಕೆ ಪ್ರವಾಸ ಅನ್ನುವುದು ತಮಾಷೆಯಾಗಿ ಕಾಣಬಹುದು. ಆದರೆ ದಿನಾ ಅಲ್ಲಿ ನಾಲ್ಕು ಸುತ್ತು ಹಾಕುವವರಲ್ಲೂ ಮರಗಳ ಮೇಲಿನ ತಗಡಿನ ಫಲಕ ಓದಿದವರು ಕಡಿಮೆ. ತೋಟಗಾರಿಕೆ ಇಲಾಖೆಯಿಂದ ನಿವೃತ್ತರಾದ ಹಿರಿಯರೊಬ್ಬರು ನಮ್ಮನ್ನು ಬಂಡೆಯ ಮೇಲೆ ಕೂರಿಸಿ, ಮುನ್ನೂರು ಕೋಟಿ ವರ್ಷದ ಕಲ್ಲಿನ ಮೇಲೆ ಕೂತಿದ್ದೀರಿ, ಸೀರೆ ಮಾಸುತ್ತೆ ಅಂತ ಯೋಚಿಸಬೇಡಿ ಎಂದು ಶುರುಮಾಡಿದರು. 1760ರಲ್ಲಿ ಹೈದರಾಲಿ ಹಾಕಿಸಿದ ತೋಟ, ಟಿಪ್ಪು ದೇಶದೇಶಗಳಿಂದ ತರಿಸಿದ ಬೀಜ ಮತ್ತು ಸಸಿ, 1856ರಲ್ಲಿ ಸರ್ಕಾರಿ ಸಸ್ಯತೋಟವಾದದ್ದು, ಆಮೇಲೆ ಇಂಗ್ಲೆಂಡಿನ ಕ್ಯೂ ತೋಟದಿಂದ ಬಂದ ವಿಲಿಯಂ ನ್ಯೂ, 1874ರಲ್ಲಿ ಬಂದ ಜಾನ್ ಕ್ಯಾಮರಾನ್, 1908ರಲ್ಲಿ ಬಂದ ಜರ್ಮನಿಯ ಕೃಂಬಿಗಲ್, ಅವರ ನಂತರ ನಮ್ಮವರೇ ಆದ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ. ಒಬ್ಬೊಬ್ಬರೂ ಎಲ್ಲಿಂದ ಏನು ತಂದರು ಎಂದು ಬೆರಳು ಮಡಚುತ್ತಾ ಹೇಳಿದರು.

ಸೀಮೆಬದನೆಯ ಹತ್ತಿರ ಅಜ್ಜಿ ತಡೆದರು. ಕ್ಯಾಮರಾನ್ ತಂದು ಬೆಳೆಸಿದ ತರಕಾರಿ, ಮೂಲ ಮೆಕ್ಸಿಕೋ ಕಡೆಯದು ಎಂದು ಹಿರಿಯರು ಅಂದರೆ, ಅಜ್ಜಿ ಒಪ್ಪಲೇ ಇಲ್ಲ. "ನಮ್ಮತ್ತೆ ಮಾಡ್ತಿದ್ದ ಹುಳಿ ಅದು. ಮೆಕ್ಸಿಕೋ ಎಲ್ಲಿಂದ ಬಂತು?" ಹಿರಿಯರು ನಕ್ಕು, "ಹೆಸರಲ್ಲೇ ಹೇಳ್ತಿದೆಯಲ್ಲಮ್ಮ, ಸೀಮೆ ಅಂತ" ಅಂದರು. ಸೀಮೆಎಣ್ಣೆ, ಸೀಮೆಸುಣ್ಣ, ಸೀಮೆಹಸು: ಹಡಗಿನಲ್ಲಿ ಬಂದದ್ದಕ್ಕೆಲ್ಲ ನಮ್ಮವರು ಈ ಒಂದು ಮಾತು ಅಂಟಿಸಿ ಮನೆಯೊಳಗೆ ಕರೆದುಕೊಂಡುಬಿಟ್ಟರು. ತಮಿಳರಿಗೆ ಅದೇ ಕಾಯಿ ಬೆಂಗಳೂರು ಕತ್ತರಿಕ್ಕಾಯ್. ಅಂದರೆ ಮೆಕ್ಸಿಕೋದಿಂದ ಹೊರಟದ್ದು ಇಲ್ಲಿ ಸೀಮೆಯದಾಗಿ, ಹೊಸೂರು ದಾಟುವಷ್ಟರಲ್ಲಿ ಬೆಂಗಳೂರಿನದಾಯಿತು. ಅಜ್ಜಿ ಆಗ ಸುಮ್ಮನಾದರು. ಮುಂದಿನ ವಾರ ಮಾರುಕಟ್ಟೆಯಿಂದ ಬಲಿತ ಸೀಮೆಬದನೆ ತಂದು ಅಡುಗೆಮನೆಯ ಮೂಲೆಯಲ್ಲಿ ಮೊಳಕೆ ಬರುವವರೆಗೆ ಇಟ್ಟು, ಇಡೀ ಕಾಯನ್ನು ಅಡ್ಡಲಾಗಿ ಅರ್ಧ ಮಣ್ಣಲ್ಲಿ ಹೂತು ಬಳ್ಳಿ ಎಬ್ಬಿಸಿದರು. ಬೀಜ ಬಿಡಿಸಿ ನೆಡುವ ಜಾತಿಯಲ್ಲ ಅದು, ಒಳಗಿನ ಒಂದೇ ಬೀಜ ಕಾಯಿಯಲ್ಲೇ ಮೊಳೆಯಬೇಕು. ಆ ವರ್ಷ ನಮ್ಮ ರಸ್ತೆಯಲ್ಲಿ ಏಳು ಮನೆಗೆ ಅದರ ಕಾಯಿ ಹೋಯಿತು. ಪಲ್ಯ ಮಾಡಲು ಅಲ್ಲ, ಹೂಳಲು.

ಅವತ್ತು ಹಿಂದಿರುಗುವಾಗ ಮಾವಳ್ಳಿ ಟಿಫನ್ ರೂಮಿನ ಮುಂದೆ ಸರದಿಯಲ್ಲಿ ನಿಂತ ಹೊತ್ತು, ಬಂಡೆಯ ಮೇಲೆ ಕೂತ ಹೊತ್ತಿಗಿಂತ ಜಾಸ್ತಿ. ನಡಾವಳಿಯಲ್ಲಿ ದಾಖಲಾಗಿರುವುದು ರವೆ ಇಡ್ಲಿ.

ವರ್ಷಕ್ಕೆ ಎರಡು ಬಾರಿ, ಜನವರಿ ಮತ್ತು ಆಗಸ್ಟಿನ ಫಲಪುಷ್ಪ ಪ್ರದರ್ಶನಕ್ಕೆ ಬಳಗ ಒಟ್ಟಾಗಿ ಹೋಗುವುದು ತಪ್ಪಿಲ್ಲ. 1889ರಲ್ಲಿ ಶಂಕುಸ್ಥಾಪನೆಯಾದ ಗಾಜಿನಮನೆಯೊಳಗೆ ಜನ ತಳ್ಳಿದ ಕಡೆ ಹೋಗಬೇಕು, ನಮ್ಮ ಕಾಲಿನ ಮಾತು ನಡೆಯುವುದಿಲ್ಲ. ಹೂವಿನಲ್ಲಿ ಕಟ್ಟಿದ ವಿಧಾನಸೌಧವನ್ನೋ ಪ್ರತಿಮೆಯನ್ನೋ ಎಲ್ಲರೂ ಮೊಬೈಲಿನಲ್ಲಿ ಹಿಡಿಯುತ್ತಾರೆ. ನನಗೆ ಅದರಲ್ಲಿ ಅಷ್ಟು ಆಸಕ್ತಿ ಇಲ್ಲ. ಲಕ್ಷಗಟ್ಟಲೆ ಗುಲಾಬಿಯನ್ನು ಚುಚ್ಚಿ ನಿಲ್ಲಿಸಿದ ಗೋಡೆ ಎರಡನೇ ದಿನಕ್ಕೆ ಕಂದುವುದನ್ನು ನೋಡಲಾರೆ. ಹೊರಗೆ ಸಸಿ ಮಾರುವವರ ಸಾಲು, ಇಕೆಬಾನ, ಬೋನ್ಸಾಯ್, ತರಕಾರಿ ಕೆತ್ತನೆ ಇಟ್ಟ ಕಡೆ ನಮ್ಮವರು ಕರಗಿಹೋಗುತ್ತಾರೆ. ಒಮ್ಮೆ ಬೋನ್ಸಾಯ್ ಆಲದ ಮುಂದೆ ನಿಂತ ರಾಯರು, "ಇದಕ್ಕೆ ಮೂವತ್ತು ವರ್ಷವಂತೆ, ನಮ್ಮ ಹುಡುಗನಷ್ಟೇ. ಇದು ಹೇಳಿದ ಮಾತು ಕೇಳಿದೆ" ಅಂದರು.

ಕೈತೋಟ ಸ್ಪರ್ಧೆಯೊಂದಕ್ಕೆ ನಾವೂ ಸೇರಿದ್ದೆವು. ಇದನ್ನು ಬರೆಯಬಾರದು ಎಂದು ಇಬ್ಬರು ಫೋನ್ ಮಾಡಿದ್ದಾರೆ, ಆದರೂ ಬರೆಯುತ್ತೇನೆ. ತೀರ್ಪುಗಾರರು ಬರುವ ಹಿಂದಿನ ರಾತ್ರಿ, ಮೂರು ಮನೆಯ ಕುಂಡಗಳನ್ನು ತಳ್ಳುಗಾಡಿಯಲ್ಲಿ ಸಾಗಿಸಿ ಒಂದೇ ಮನೆಯ ಮುಂದೆ ಜೋಡಿಸಿದೆವು. ಡೇಲಿಯಾ, ಅಂತೂರಿಯಂ, ಜರೀಗಿಡದ ಸಾಲು, ನೋಡಲು ಎರಡು ಕಣ್ಣು ಸಾಲದು. ಬೆಳಗ್ಗೆ ಬಂದ ತೀರ್ಪುಗಾರರು, ಹೆಚ್ಚು ಮಾತಿಲ್ಲದ ಹೆಂಗಸು, ಹೂವು ನೋಡಲಿಲ್ಲ. ಬಗ್ಗಿ ಒಂದು ಕುಂಡವನ್ನು ಓರೆ ಮಾಡಿ ನೆಲ ನೋಡಿದರು. ತಿಂಗಳುಗಟ್ಟಲೆ ಕೂತ ಕುಂಡದ ಅಡಿಯಲ್ಲಿ ಸಿಮೆಂಟಿನ ಮೇಲೆ ಪಾಚಿಯ ಒಂದು ಬಳೆ ಮೂಡಿರುತ್ತದೆ. ನಮ್ಮ ನೆಲ ಕನ್ನಡಿಯ ಹಾಗೆ ಇತ್ತು. ಎರಡನೇ ಕುಂಡ, ಮೂರನೇ ಕುಂಡ. ಏನೂ ಅನ್ನದೆ ಪುಸ್ತಕದಲ್ಲಿ ಏನೋ ಗೀಚಿಕೊಂಡು, ಕೊಟ್ಟ ಮಜ್ಜಿಗೆ ಕುಡಿದು ಹೋದರು. ಆ ತಿಂಗಳ ನಡಾವಳಿ ಹೇಳುವುದು: "ಸ್ಪರ್ಧೆಯಲ್ಲಿ ಬಳಗ ಉತ್ಸಾಹದಿಂದ ಭಾಗವಹಿಸಿತು."

ಊರು ಬಿಟ್ಟು ಹೋದ ಪ್ರವಾಸಗಳಲ್ಲಿ ನೆನಪಿಡಬೇಕಾದವು ಎರಡೇ. ಉಳಿದವು ಬಸ್ಸಿನಲ್ಲಿ ಅಂತ್ಯಾಕ್ಷರಿ.

ಒಂದು ಹೆಸರಘಟ್ಟ. ಅಲ್ಲಿಯ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆ 1967ರಿಂದ ಇದೆ. ಅಲ್ಲಿಂದ ಹೊರಬರುವ ತಳಿಗಳ ಹೆಸರೆಲ್ಲ ಅರ್ಕಾ ಎಂದು ಶುರುವಾಗುವುದು ಅರ್ಕಾವತಿ ಹೊಳೆಯಿಂದ ಎಂದು ತಿಳಿದದ್ದು ಅವತ್ತೇ. ಹೊಳೆಯಲ್ಲಿ ನೀರು ಇಲ್ಲದಿದ್ದರೂ ಹೆಸರು ಟೊಮ್ಯಾಟೊದಲ್ಲಿ, ಬೆಂಡೆಯಲ್ಲಿ ಉಳಿದಿದೆ. ಎಲ್ಲರೂ ಅರ್ಕಾ ರಕ್ಷಕ್ ಟೊಮ್ಯಾಟೊ ಬೀಜ ತಂದರು. ಎಲೆ ಮುರುಟುವ ರೋಗ, ಸೊರಗು ರೋಗ, ಅಂಗಮಾರಿ, ಮೂರನ್ನೂ ತಡೆಯುವ ತಳಿ. ಆ ಸಲ ನಮ್ಮ ಕುಂಡಗಳಲ್ಲಿ ಬಂದ ಹಣ್ಣಿಗೆ ಊರುಗೋಲು ಕೊಡಬೇಕಾಯಿತು. ಅಜ್ಜಿ ಅಭ್ಯಾಸಬಲದಿಂದ ಒಳ್ಳೆಯ ಎರಡು ಹಣ್ಣಿನ ಬೀಜ ಬೂದಿಯಲ್ಲಿ ತಿಕ್ಕಿ ಒಣಗಿಸಿಟ್ಟು ಮರುವರ್ಷ ಎಲ್ಲರಿಗೂ ಹಂಚಿದರು. ಒಂದು ಮನೆಯಲ್ಲಿ ಗೋಲಿ ಗಾತ್ರ, ಇನ್ನೊಂದರಲ್ಲಿ ದಪ್ಪ, ಮತ್ತೊಂದರಲ್ಲಿ ಗಿಡವೇ ಸೊರಗಿತು. ಹೈಬ್ರಿಡ್ ಬೀಜವನ್ನು ತೆಗೆದಿಟ್ಟರೆ ಮುಂದಿನ ಪೀಳಿಗೆ ಚದುರಿಹೋಗುತ್ತದೆ ಎಂದು ಉಪನ್ಯಾಸಕರು ಎರಡು ಗಂಟೆ ಹೇಳಿದ್ದು ಯಾರ ತಲೆಗೂ ಹೋಗಿರಲಿಲ್ಲ, ಈ ಟೊಮ್ಯಾಟೊ ಹೇಳಿದ್ದು ಹೋಯಿತು. ಅಜ್ಜಿಗೆ ಮಾತ್ರ ಬೇಸರ. "ಬೀಜ ಇಟ್ಟುಕೊಳ್ಳೋಕಾಗದ ಹಣ್ಣು ಹಣ್ಣೇನೇ?" ಎಂದು ಬಹಳ ದಿನ ಕೇಳುತ್ತಿದ್ದರು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇನ್ನೊಂದು ದೇವನಹಳ್ಳಿ ಕಡೆಯ ನಲ್ಲೂರು ಹುಣಸೆ ತೋಪು. 54 ಎಕರೆಯ ಈ ತೋಪನ್ನು 2007ರಲ್ಲಿ ಜೀವವೈವಿಧ್ಯ ಪಾರಂಪರಿಕ ತಾಣವೆಂದು ಘೋಷಿಸಿದರು, ದೇಶದಲ್ಲೇ ಮೊದಲನೆಯದು. ನೂರಾರು ವರ್ಷದ ಹುಣಸೆಗಳು ಬಿದ್ದಲ್ಲೇ ಮತ್ತೆ ಬೇರೂರಿ ಎದ್ದಿವೆ. ಕೆಲವು ಬುಡಗಳ ಹೊಟ್ಟೆ ಪೂರ್ತಿ ಟೊಳ್ಳು, ಒಳಗೆ ಮೂರು ಮಂದಿ ನಿಲ್ಲಬಹುದು, ಮೇಲೆ ಚಿಗುರು. ಅಲ್ಲಿ ಯಾರೂ ಕಡ್ಡಿ ಮುರಿಯಲಿಲ್ಲ. ಹಾಗೆ ಮಾಡಬೇಡಿ ಎಂದು ಯಾರೂ ಹೇಳಿರಲಿಲ್ಲ. ವಾಪಸು ಬರುವಾಗ ದಾರಿಬದಿಯಲ್ಲಿ ದೇವನಹಳ್ಳಿ ಚಕ್ಕೋತದ ಕಸಿ ಗಿಡ ಕೊಂಡು ತಂದು ಹಿತ್ತಲಲ್ಲಿ ನೆಟ್ಟೆ. ಆರು ವರ್ಷ ಕಾದೆ. ಬಿಟ್ಟದ್ದು ಮುಳ್ಳು ತುಂಬಿದ ರೆಂಬೆಯಲ್ಲಿ ಹುಳಿ ನಿಂಬೆ. ಮೇಲಿನ ಕಸಿ ಯಾವಾಗಲೋ ಸತ್ತು ಕೆಳಗಿನ ಬುಡ ಚಿಗುರಿ ಮರವಾಗಿತ್ತು. ಬುಡದ ಚಿಗುರನ್ನು ಆಗಾಗ ಚಿವುಟಬೇಕು ಎನ್ನುವುದನ್ನು ಸಭೆಯಲ್ಲಿ ಐದು ಸಲ ನಾನೇ ಹೇಳಿದ್ದೇನೆ.

ಮಾಸಿಕ ಕಾರ್ಯಕ್ರಮಗಳ ಪಟ್ಟಿ ಕೊಟ್ಟರೆ ಓದುಗರು ನಿದ್ದೆ ಹೋಗುತ್ತಾರೆ. ಗೂಟಿ ಕಟ್ಟುವುದು, ಎರೆಗೊಬ್ಬರ, ಹಿಟ್ಟು ತಿಗಣೆಗೆ ಸೋಪಿನ ನೀರು, ಇವೆಲ್ಲ ಆಗಿವೆ. ಪಟ್ಟಿಯಲ್ಲಿ ಇಲ್ಲದ ಕಾರ್ಯಕ್ರಮವೊಂದಿತ್ತು, ಬ್ರಹ್ಮಕಮಲದ ರಾತ್ರಿ. ಮೂಲೆಮನೆಯಿಂದ ಸಂಜೆ ಏಳಕ್ಕೆ ಫೋನ್ ಬರುತ್ತಿತ್ತು: "ಮೊಗ್ಗಿನ ಕತ್ತು ಎತ್ತಿದೆ, ಇವತ್ತೇ." ಒಂಬತ್ತರ ಹೊತ್ತಿಗೆ ನಾವೆಲ್ಲ ಊಟ ಮುಗಿಸಿ, ಕೆಲವರು ನೈಟಿ ಮೇಲೆ ಶಾಲು ಹೊದ್ದು, ಆ ಜಗಲಿಯಲ್ಲಿ ಸೇರುತ್ತಿದ್ದೆವು. ಎಲೆಯ ಅಂಚಿನಿಂದ ಕೊಕ್ಕೆಯ ಹಾಗೆ ಬಾಗಿ ಬಂದ ತೊಟ್ಟು, ಅದರ ತುದಿಯಲ್ಲಿ ಮೊಗ್ಗು. ಹತ್ತರ ನಂತರ ಹೊರಗಿನ ಗುಲಾಬಿ ಬಣ್ಣದ ಎಸಳುಗಳು ಹಿಂದಕ್ಕೆ ಸರಿದು ಬಿಳಿ ಬಟ್ಟಲು ತೆರೆಯುತ್ತಿತ್ತು. ಹೂವು ಅರಳುವ ಮೊದಲೇ ವಾಸನೆ ಗೇಟಿನವರೆಗೆ ಬಂದಿರುತ್ತಿತ್ತು. ಬೆಳಗಾಗುವಷ್ಟರಲ್ಲಿ ಅದು ಒದ್ದೆ ಕರವಸ್ತ್ರದ ಹಾಗೆ ಜೋತುಬಿದ್ದಿರುತ್ತಿತ್ತು. ನಿಜವಾದ ಬ್ರಹ್ಮಕಮಲ ಹಿಮಾಲಯದ್ದು, ಇದು ಮಧ್ಯ ಅಮೆರಿಕದ ಕಡೆಯ ಕಳ್ಳಿ ಜಾತಿ ಎಂದು ನಾನೊಮ್ಮೆ ಜಾಣತನ ತೋರಿಸಿದೆ. "ಹಿಮಾಲಯದವರು ಬೇಕಾದರೆ ತಮ್ಮದಕ್ಕೆ ಬೇರೆ ಹೆಸರು ಇಟ್ಕೊಳ್ಲಿ. ಬಾದಾಮಿ ಹಾಲು ಆರುತ್ತೆ, ಕುಡಿ" ಅಂದರು ಅಜ್ಜಿ.

ಮನೆಗಳು ಒಂದೊಂದಾಗಿ ಬಿದ್ದು ಅಪಾರ್ಟ್‌ಮೆಂಟ್ ಎದ್ದಂತೆ ಬಳಗವೂ ನೆಲ ಬಿಟ್ಟು ತಾರಸಿಗೆ ಹತ್ತಿತು. ಕೃಷಿ ವಿಜ್ಞಾನಿ ಡಾ. ಬಿ.ಎನ್. ವಿಶ್ವನಾಥ್ ತಾರಸಿ ತೋಟದ ಪಾಠವನ್ನು ಬೆಂಗಳೂರಿನ ಮನೆಮನೆಗೆ ಹಬ್ಬಿಸಿದವರು. 2011ರಲ್ಲಿ ಶುರುವಾದ 'ಊಟ ಫ್ರಂ ಯುವರ್ ತೋಟ' ಮೇಳಕ್ಕೆ ಹೋಗಿಬಂದ ಮೇಲೆ ನಮ್ಮಲ್ಲೂ ಗ್ರೋ ಬ್ಯಾಗು, ಕೋಕೋಪೀಟ್ ಮಾತು ಹೆಚ್ಚಾಯಿತು. ಕೆಮ್ಮಣ್ಣು ತುಂಬಿದರೆ ಭಾರ, ಸೂರು ಸೋರುತ್ತದೆ ಎಂದು ಗಂಡಂದಿರ ಆಕ್ಷೇಪ. ಆ ಆಕ್ಷೇಪಗಳು ಯಾವ ನಡಾವಳಿಯಲ್ಲೂ ಇಲ್ಲ, ಆದರೆ ಎರಡು ವರ್ಷ ನಮ್ಮ ಸಭೆಗಳ ಮುಖ್ಯ ವಿಷಯ ಅದೇ.

ಕೊರೋನಾ ಕಾಲದಲ್ಲಿ ಲಾಲ್‌ಬಾಗಿನ ಪ್ರದರ್ಶನವೂ ನಿಂತಿತು. 211ನೆಯದು 2020ರ ಜನವರಿಯಲ್ಲಿ, 212ನೆಯದು 2022ರ ಆಗಸ್ಟಿನಲ್ಲಿ. ನಡುವಿನ ಎರಡೂವರೆ ವರ್ಷ ನಮ್ಮ ಪುಸ್ತಕದಲ್ಲೂ ಖಾಲಿ ಹಾಳೆಗಳು. ಆದರೆ ಈ ವಾರ ನಾನು ಸುತ್ತಿದ ಮನೆಗಳಲ್ಲಿ ಅತಿ ಹೆಚ್ಚು ಗಿಡ ಬಂದ ಕಾಲ ಅದೇ! ಒದ್ದೆ ಬಟ್ಟೆ ಸುತ್ತಿ ಪೇಪರಿನಲ್ಲಿ ಮಡಚಿದ ದೊಡ್ಡಪತ್ರೆ, ಒಂದೆಲಗ, ಬಿಳಿ ದಾಸವಾಳ, ಮರುಗ. ಗೇಟಿಗೆ ಸಿಕ್ಕಿಸಿ ಹೋಗಿರುತ್ತಿದ್ದರು.

ಯಾರು? ಅಲ್ಲಿಗೆ ಬಂದಾಗ ನನ್ನ ವಿಚಾರಣೆ ಒಂದು ಕಡೆ ತಿರುಗಿತು. "ಇದು ನಿಮಗೆ ಎಲ್ಲಿಂದ ಬಂತು?" ಎಂದು ಕೇಳಿದ ಕಡೆಯೆಲ್ಲ, ಮೊದಲು ಬಳಗದ ಯಾರದೋ ಹೆಸರು ಬರುತ್ತಿತ್ತು, ಇನ್ನೊಂದು ಸಲ ಕೇಳಿದರೆ, "ಅವರ ಮನೆಯದೇ, ಆದರೆ ತಂದು ನೆಟ್ಟದ್ದು ಮಾಲಿ" ಎಂಬ ಉತ್ತರ. ಅಜ್ಜಿಯ ಬ್ರಹ್ಮಕಮಲದ ಎಲೆ ಎರಡನೇ ಅಡ್ಡರಸ್ತೆಗೆ ಹೋದದ್ದು ಮಾಲಿಯ ಸೈಕಲ್ಲಿನಲ್ಲಿ. ರಾಯರ ಕಾಕಡ, ಅದೇ ಮೊದಲ ಕಡ್ಡಿಯ ಮಗಳು, ಬೇರೆ ನಾಲ್ಕು ಮನೆ ಸೇರಿದ್ದೂ ಹಾಗೇ. ಹದಿನಾಲ್ಕು ಮನೆಗೆ ವಾರಕ್ಕೊಂದು ಸಲ ಬಂದು ಪಾತಿ ಕೆದಕಿ ನೀರು ಬಿಡುವವರು, ಒಂದು ಮನೆಯಲ್ಲಿ ಕತ್ತರಿಸಿ ಎಸೆಯಬೇಕಾದ್ದನ್ನು ಎಸೆಯದೆ ಮುಂದಿನ ಮನೆಯ ಮಣ್ಣಿಗೆ ಸಿಕ್ಕಿಸುತ್ತಾ ಬಂದಿದ್ದಾರೆ. ಬಳಗ ಹುಟ್ಟುವ ಮೊದಲಿಂದಲೂ.

ಲಾಲ್‌ಬಾಗಿನ ಬಂಡೆಯ ಮೇಲೆ ಕೂತು ಕ್ಯಾಮರಾನ್, ಕೃಂಬಿಗಲ್ ಎಂದು ಕೇಳಿದಾಗ, ನಮ್ಮ ಹಿರಿಯರು ನಡುವೆ ತಿಗಳರ ಮಾತು ಎತ್ತಿದ್ದರು: ಈ ಊರಿನ ತೋಟಗಳನ್ನು ತಲೆಮಾರುಗಳಿಂದ ಅಗೆದು ನೀರು ಕಟ್ಟಿದವರು, ಕರಗ ಹೊರುವವರು, ಸಿದ್ಧಾಪುರದ ನರ್ಸರಿಗಳನ್ನು ನಡೆಸಿಕೊಂಡು ಬಂದವರು. ಆಗ ನಾವು ರವೆ ಇಡ್ಲಿಯ ಯೋಚನೆಯಲ್ಲಿದ್ದೆವು. ಮೂರೂ ನಡಾವಳಿ ಪುಸ್ತಕ ಮತ್ತೆ ತೆಗೆದು ನೋಡಿದೆ. ಮಾಲಿಯ ಪ್ರಸ್ತಾಪ ಒಂದೇ ಕಡೆ: ವಾರ್ಷಿಕೋತ್ಸವದ ದಿನ ಕುರ್ಚಿ ಸಾಗಿಸಿದ ಕೂಲಿ, 40 ರೂಪಾಯಿ. ಸದಸ್ಯತ್ವ ಕೊಡುವ ಮಾತು ಯಾರೂ ಎತ್ತಿದ ದಾಖಲೆ ಇಲ್ಲ. ಕಾರ್ಯದರ್ಶಿಯಾಗಿದ್ದ ಮೂರು ವರ್ಷದಲ್ಲಿ ನಾನೂ ಎತ್ತಿಲ್ಲ.

ಅಜ್ಜಿ ಹೋದ ಮೇಲೆ ಮೂಲೆಮನೆ ಮಾರಾಟವಾಯಿತು. ಒಡೆಯುವ ದಿನ ಬೆಳಗ್ಗೆ ನಾವು ಐದಾರು ಮಂದಿ ಕುಡುಗೋಲು, ಗೋಣಿಚೀಲ ಹಿಡಿದು ಹೋದೆವು. ಗುತ್ತಿಗೆದಾರರು ಅರ್ಧ ಗಂಟೆ ಕೊಟ್ಟರು. ಮಲ್ಲಿಗೆಯ ಬುಡ ಬರಲಿಲ್ಲ. ಬ್ರಹ್ಮಕಮಲದ ಕುಂಡ ಆಗಲೇ ಇರಲಿಲ್ಲ, ಯಾರೋ ಹೊತ್ತುಕೊಂಡು ಹೋಗಿದ್ದಾರೆ ಎಂದು ಬೈದುಕೊಂಡು ಬಂದೆವು. ಈ ವಾರ ಅದನ್ನು ಕಂಡೆ. ಮಾಲಿಯ ಒಂದು ಕೋಣೆಯ ಮನೆಯ ಮೆಟ್ಟಿಲ ಪಕ್ಕ, ಅದೇ ಅಂಚು ಒಡೆದ ಸಿಮೆಂಟ್ ಕುಂಡ.

ಸ್ಮರಣ ಸಂಚಿಕೆಯಲ್ಲಿ ನಿಮ್ಮ ಹೆಸರು ಹಾಕುತ್ತೇನೆ ಅಂದೆ. ಅವರು ಗಾಬರಿಯಾದರು. "ಬೇಡ ಮೇಡಂ. ಅರ್ಧ ಕಡ್ಡಿ ಕೇಳದೇ ಮುರಿದಿದ್ದು. ನಾಳೆ ಎಲ್ಲಾರೂ ಕದ್ದ ಅಂತಾರೆ." ರಾಯರ ಕಥೆ ಹೇಳಿ ಸಮಾಧಾನ ಮಾಡಿದೆ, ಒಪ್ಪಲಿಲ್ಲ.

ಆದ್ದರಿಂದ ಈ ಲೇಖನದ ಜೊತೆಗೆ ಸಂಪಾದಕರಿಗೆ ಕೊಟ್ಟಿರುವ ಪಟ್ಟಿಯಲ್ಲಿ, ಯಾವ ಗಿಡ, ಯಾರ ಮನೆ, ಯಾರಿಂದ ಎಂಬ ಮೂರು ಕಲಂಗಳಿದ್ದು, ಮೂರನೆಯದರಲ್ಲಿ ಮೂವತ್ತೊಂದು ಕಡೆ ಖಾಲಿ ಬಿಟ್ಟಿದ್ದೇನೆ. ಅಚ್ಚಿನ ತಪ್ಪು ಎಂದು ಯಾರೂ ತುಂಬಲು ಹೋಗಬೇಡಿ. ಉಳಿದ ಕಡೆ ತಪ್ಪಿದ್ದರೆ ಸಂಕೋಚವಿಲ್ಲದೆ ಹೇಳಿ. ಸೀಮೆಬದನೆಯನ್ನು ಮಾತ್ರ ನನ್ನ ಹತ್ತಿರ ಕೇಳಬೇಡಿ, ಹೋದ ವರ್ಷದ ಮಳೆಗೆ ಬಳ್ಳಿ ಕೊಳೆತುಹೋಯಿತು. ಎರಡನೇ ಅಡ್ಡರಸ್ತೆಯಲ್ಲಿ ಇದೆ.